ಖಾಯಂ ವಿಳಾಸದ ಊರುಗಳು

ಬಲ್ಗೇರಿಯಾ ದೇಶದ ಕಾನೂನಿನ ಪ್ರಕಾರ ಅಲ್ಲಿನ ಪ್ರಜೆಗಳಿಗೆ ಎರಡು ವಿಳಾಸ. ಒಂದು ಖಾಯಂ ವಿಳಾಸ, ಇನ್ನೊಂದು ಸದ್ಯದ ವಿಳಾಸ. ಎರಡೂ ಒಂದೇ ಇರಬಹುದು, ಬೇರೆ ಬೇರೆಯೂ ಇರಬಹುದು. ಇದನ್ನು ಓದಿದ ಕೂಡಲೇ ‘ಅರೆ, ಇದು ನಮ್ಮದೇ ಕಥೆಯಲ್ಲವೇ’ ಅನ್ನಿಸಿತು. ನಮ್ಮಲ್ಲಿ ಯಾವ ಅರ್ಜಿ ತುಂಬುವುದಿದ್ದರೂ ಈ ಎರಡು ಕಾಲಂ ಇದ್ದದ್ದೇ. ಡೊಂಬಿವಿಲಿಯಲ್ಲೋ ಮೀರಾ ರೋಡಿನಲ್ಲೋ ಮೂವತ್ತು ವರ್ಷ ಕಳೆದು, ಮಕ್ಕಳ ಮದುವೆ ಮಾಡಿ, ಸೊಸೈಟಿಯ ಸೆಕ್ರೆಟರಿಯೂ ಆದ ಮೇಲೂ ‘ಪರ್ಮನೆಂಟ್ ಅಡ್ರೆಸ್’ ಎಂಬಲ್ಲಿಗೆ ಬಂದಾಗ ಪೆನ್ನು ತಾನಾಗಿಯೇ ಊರಿನ ಹೆಸರು ಬರೆಯುತ್ತದೆ. ಆ ವಿಳಾಸಕ್ಕೆ ಒಂದು ಕಾಗದ ಹಾಕಿದರೆ ತೆಗೆದುಕೊಳ್ಳಲು ಅಲ್ಲಿ ಯಾರಿದ್ದಾರೆ ಎಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ಬಲ್ಗೇರಿಯಾದ ಗಾಬ್ರೊವೊ ಎಂಬ ಪ್ರಾಂತದ ಹಳ್ಳಿಗಳ ಬಗ್ಗೆ ಓದುತ್ತಾ ಹೋದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸಿಹಿಯಾದ ಉತ್ತರವೇನಲ್ಲ. ನಾನು ಆ ದೇಶಕ್ಕೆ ಹೋದವನಲ್ಲ. ಹೋಗುವ ಯೋಗವೂ ಕಾಣುತ್ತಿಲ್ಲ. ಆದರೆ ಊರು ಬಿಟ್ಟು ಬಂದವರೆಲ್ಲ ಒಮ್ಮೆ ಆ ಹಳ್ಳಿಗಳ ಕಡೆ ನೋಡಬೇಕು ಎಂದು ನನ್ನ ಅನಿಸಿಕೆ. ನಮ್ಮ ಊರುಗಳು ಈಗಷ್ಟೇ ಹಿಡಿಯುತ್ತಿರುವ ದಾರಿಯಲ್ಲಿ ಅವು ಬಹಳ ಮುಂದೆ ಹೋಗಿ ನಿಂತಿವೆ.

ಮೊದಲು ಸ್ವಲ್ಪ ಲೆಕ್ಕ. ಬಲ್ಗೇರಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. 1980ರ ದಶಕದ ಕೊನೆಗೆ ಅಲ್ಲಿ ಸುಮಾರು 90 ಲಕ್ಷ ಜನರಿದ್ದರು. 2021ರ ಜನಗಣತಿಯ ಹೊತ್ತಿಗೆ 65 ಲಕ್ಷ. ಯುದ್ಧವಿಲ್ಲ, ಕ್ಷಾಮವಿಲ್ಲ, ಆದರೂ ನಾಲ್ಕರಲ್ಲೊಂದು ಪಾಲು ಜನ ಲೆಕ್ಕದಿಂದ ಹೊರಬಿದ್ದರು. ಮಕ್ಕಳು ಹುಟ್ಟುವುದು ಕಡಿಮೆಯಾಯಿತು, ದೊಡ್ಡವರಾದವರು ಜರ್ಮನಿಗೋ ಸ್ಪೇನಿಗೋ ಇಂಗ್ಲೆಂಡಿಗೋ ಹೋದರು, ಉಳಿದವರಿಗೆ ವಯಸ್ಸಾಯಿತು. ದೇಶದಲ್ಲಿ 28 ಪ್ರಾಂತಗಳಿವೆ. ಅವುಗಳಲ್ಲೊಂದು ಗಾಬ್ರೊವೊ. ದೇಶದ ನಡುವೆ ಪೂರ್ವ-ಪಶ್ಚಿಮವಾಗಿ ಮಲಗಿರುವ ಬಾಲ್ಕನ್ ಪರ್ವತದ ಉತ್ತರದ ಇಳಿಜಾರಿನಲ್ಲಿದೆ. ಗಾಬ್ರೊವೊ, ಸೆವ್ಲಿಯೆವೊ, ತ್ರ್ಯಾವ್ನಾ, ದ್ರ್ಯಾನೊವೊ ಎಂದು ನಾಲ್ಕು ತಾಲೂಕುಗಳಿವೆ ಎನ್ನೋಣ. 2011ರಲ್ಲಿ ಇಡೀ ಪ್ರಾಂತದ ಜನಸಂಖ್ಯೆ 1,22,702. ಹತ್ತು ವರ್ಷದ ನಂತರ, 2021ರಲ್ಲಿ, 98,387. ಐದು ಮಂದಿಯಲ್ಲಿ ಒಬ್ಬರು ಕಾಣೆ.

ಸ್ವಾರಸ್ಯ ಇರುವುದು ಇಲ್ಲಲ್ಲ. ಇಷ್ಟು ಕಡಿಮೆ ಜನರಿಗೆ ಅಲ್ಲಿ ಮುನ್ನೂರಕ್ಕೂ ಹೆಚ್ಚು ಊರುಗಳಿವೆ. ಬಹುಪಾಲು ಜನ ನಾಲ್ಕೈದು ಪಟ್ಟಣಗಳಲ್ಲೇ ಇದ್ದಾರೆ. ಉಳಿದವರನ್ನು ಹಳ್ಳಿಗಳಿಗೆ ಸಮನಾಗಿ ಹಂಚಿದರೆ ಒಂದೊಂದು ಹಳ್ಳಿಗೆ ನೂರು ಜನವೂ ಬರುವುದಿಲ್ಲ. ಆದರೆ ಜನರನ್ನು ಹಾಗೆ ಹಂಚಲಾಗುತ್ತದೆಯೇ? ಒಂದು ಹಳ್ಳಿಯಲ್ಲಿ ನೂರಾರು ಜನ, ಇನ್ನೊಂದರಲ್ಲಿ ಹತ್ತು, ಮತ್ತೊಂದರಲ್ಲಿ ಇಬ್ಬರು, ಕೆಲವದರಲ್ಲಿ ಸೊನ್ನೆ. 2011ರ ಜನಗಣತಿಯಲ್ಲಿ ಬಲ್ಗೇರಿಯಾದ 181 ಊರುಗಳಲ್ಲಿ ಒಬ್ಬರೂ ಇರಲಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊರುಗಳು ಗಾಬ್ರೊವೊ ಮತ್ತು ಅದರ ಪಕ್ಕದ ವೆಲಿಕೊ ತರ್ನೊವೊ, ಈ ಎರಡೇ ಪ್ರಾಂತಗಳಲ್ಲಿದ್ದವು. ಊರಿಗೆ ಹೆಸರಿದೆ, ಸರ್ಕಾರದ ಪಟ್ಟಿಯಲ್ಲಿ ಜಾಗವಿದೆ, ನಕಾಶೆಯಲ್ಲಿ ಚುಕ್ಕೆಯಿದೆ. ಜನ ಮಾತ್ರ ಇಲ್ಲ.

ಯಾಕೆ ಇಷ್ಟೊಂದು ಪುಟ್ಟ ಪುಟ್ಟ ಊರುಗಳು? ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಟ್ಟದ ಸೀಮೆಯಲ್ಲಿ ನೂರು ಮನೆ ಒತ್ತೊತ್ತಾಗಿ ಕಟ್ಟಲು ಜಾಗವೂ ಇಲ್ಲ, ಅಷ್ಟು ಜನರಿಗೆ ಬೇಕಾದ ಹೊಲವೂ ಇಲ್ಲ. ಇಲ್ಲಿ ನಾಲ್ಕು ಮನೆ, ಆ ಗುಡ್ಡದಾಚೆ ಆರು ಮನೆ. ಅಲ್ಲಿನವರು ಇಂಥ ನೆಲೆಗಳನ್ನು ‘ಕೊಲಿಬಿ’ ಎನ್ನುತ್ತಾರೆ, ಗುಡಿಸಲುಗಳು ಎಂದು ಅರ್ಥ. ದನ ಕುರಿ ಮೇಯಿಸಲು ಹೋದಾಗ ಹಾಕಿದ ಗುಡಿಸಲು ಕ್ರಮೇಣ ಮನೆಯಾಗಿ, ಮನೆ ಮನೆತನವಾಗಿ, ಮನೆತನವೇ ಊರಾಯಿತು. ಹಾಗಾಗಿ ಎಷ್ಟೋ ಹಳ್ಳಿಗಳ ಹೆಸರೇ ಮನೆತನದ ಹೆಸರು. ಯಾಂಕೊವ್ತ್ಸಿ ಎಂದರೆ ಯಾಂಕೊನ ಕಡೆಯವರು. ಪೊಪೊವ್ತ್ಸಿ ಎಂದರೆ ಪಾದ್ರಿಯ ಮನೆಯವರು. ಕ್ಮೆತೊವ್ತ್ಸಿ ಎಂದರೆ ಊರ ಮುಖ್ಯಸ್ಥನ ಕಡೆಯವರು; ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಟೇಲರ ಹಟ್ಟಿ, ಗೌಡರ ಕೇರಿ. ಹೆಸರೇ ಜನರನ್ನು ಹೇಳುತ್ತದೆ. ಆದ್ದರಿಂದ ಜನವಿಲ್ಲದ ಪೊಪೊವ್ತ್ಸಿ ಎಂಬುದು ಮಾತಿಗೇ ನಿಲುಕದ ಸಂಗತಿ. ಪೊಪೊವ್ತ್ಸಿಯ ಅದೃಷ್ಟ, ಅದಿನ್ನೂ ಹಾಗಾಗಿಲ್ಲ. ಅಂಥದೇ ಹೆಸರಿನ ಹತ್ತಾರು ಕೊಲಿಬಿಗಳು ಆಗಿವೆ.

ಜನ ಯಾಕೆ ಬಿಟ್ಟು ಹೋದರು ಎಂಬುದರಲ್ಲಿ ರಹಸ್ಯವೇನಿಲ್ಲ. ಬೆಟ್ಟದ ಹೊಲ ಎಂದೂ ಹೊಟ್ಟೆ ತುಂಬಿಸಲಿಲ್ಲ. ಅಲ್ಲಿನ ಗಂಡಸರು ಒಟ್ಟೋಮನ್ ತುರ್ಕರ ಆಳ್ವಿಕೆಯ ಕಾಲದಲ್ಲೇ ದುಡಿಮೆಗೆ ಹೊರಗೆ ಹೋಗುತ್ತಿದ್ದರು. ತ್ರ್ಯಾವ್ನಾ, ದ್ರ್ಯಾನೊವೊ ಕಡೆಯ ಗಾರೆ ಕೆಲಸದವರೂ ಮರಗೆತ್ತನೆಯವರೂ ದೂರದೂರದ ಊರುಗಳಲ್ಲಿ ಚರ್ಚು, ಸೇತುವೆ ಕಟ್ಟಿದರು. ಗಾಬ್ರೊವೊದ ವ್ಯಾಪಾರಿಗಳು ಬುಖಾರೆಸ್ಟಿಗೆ, ಒಡೆಸ್ಸಾಗೆ ಹೋದರು. ಹೀಗೆ ದುಡಿಯಲು ಪರಸ್ಥಳಕ್ಕೆ ಹೋಗುವುದಕ್ಕೆ ಬಲ್ಗೇರಿಯನ್ ಭಾಷೆಯಲ್ಲಿ ‘ಗುರ್ಬೆತ್’ ಎನ್ನುತ್ತಾರೆ. ತುರ್ಕರಿಂದ ಬಂದ ಪದ, ಮೂಲ ಅರಬ್ಬಿ. ಅದೇ ಅರಬ್ಬಿ ಧಾತುವಿನಿಂದ ನಮ್ಮಲ್ಲಿಗೆ ಬಂದದ್ದು ‘ಗರೀಬ್’. ಅರಬ್ಬಿಯಲ್ಲಿ ಗರೀಬ್ ಎಂದರೆ ಬಡವನಲ್ಲ, ಪರಸ್ಥಳದವನು. ನಮ್ಮ ಕಡೆ ಬರುವ ಹೊತ್ತಿಗೆ ಅರ್ಥ ಬದಲಾಗಿ ಬಡವ ಎಂದಾಯಿತು. ಪರವೂರಿಗೆ ಬಂದವನು ಬಡವನೇ ಇರಬೇಕು ಎಂದು ಲೋಕ ತೀರ್ಮಾನಿಸಿದ್ದು ಇಂದು ನಿನ್ನೆಯಲ್ಲ!

ಇರಲಿ. ಹಳೆಯ ಗುರ್ಬೆತ್‌ಗೆ ಒಂದು ಗುಣವಿತ್ತು. ಹೋದವನು ಬಹುಮಟ್ಟಿಗೆ ವಾಪಸು ಬರುತ್ತಿದ್ದ, ಇಲ್ಲವೇ ಹಣ ಕಳಿಸುತ್ತಿದ್ದ. ಹೆಂಡತಿ ಮಕ್ಕಳು ಊರಲ್ಲೇ ಇರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಸರ್ಕಾರ ಬಂತು. ರೈತರ ಜಮೀನನ್ನು ಸಹಕಾರಿ ಬೇಸಾಯದ ಹೆಸರಿನಲ್ಲಿ ಒಟ್ಟುಗೂಡಿಸಿತು. 1950ರ ದಶಕ ಮುಗಿಯುವ ಹೊತ್ತಿಗೆ ಆ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಇತ್ತ ಪಟ್ಟಣಗಳಲ್ಲಿ ಕಾರ್ಖಾನೆಗಳು ಬೆಳೆದವು. ಗಾಬ್ರೊವೊ ಪಟ್ಟಣಕ್ಕಂತೂ ‘ಬಲ್ಗೇರಿಯಾದ ಮ್ಯಾಂಚೆಸ್ಟರ್’ ಎಂಬ ಬಿರುದು ಬಹಳ ಹಿಂದೆಯೇ ಸಿಕ್ಕಿತ್ತು, ಅಷ್ಟೊಂದು ನೂಲಿನ, ಬಟ್ಟೆಯ, ಚರ್ಮದ ಗಿರಣಿಗಳು. ಗಿರಣಿ ಎಂದ ಮೇಲೆ ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಹೊಲ ಹೋಯಿತು, ಪಟ್ಟಣದಲ್ಲಿ ಸಂಬಳವೂ ಫ್ಲ್ಯಾಟೂ ಸಿಗುತ್ತದೆ, ಮಕ್ಕಳಿಗೆ ಒಳ್ಳೆಯ ಶಾಲೆ. ಯಾರು ತಾನೇ ನಿಲ್ಲುತ್ತಾರೆ? ಇಡೀ ಸಂಸಾರಗಳೇ ಬೆಟ್ಟ ಇಳಿದವು. 1989ರಲ್ಲಿ ಆ ಸರ್ಕಾರ ಬಿತ್ತು, ನಂತರದ ವರ್ಷಗಳಲ್ಲಿ ಬಹಳಷ್ಟು ಗಿರಣಿಗಳೂ ಮುಚ್ಚಿದವು. ಬೆಟ್ಟ ಇಳಿದವರು ಹಿಂದಕ್ಕೆ ಹತ್ತಲಿಲ್ಲ, ಮುಂದಕ್ಕೆ ಹೋದರು. 2007ರಲ್ಲಿ ದೇಶ ಐರೋಪ್ಯ ಒಕ್ಕೂಟ ಸೇರಿತು, 2026ರ ಜನವರಿಯಿಂದ ಯೂರೋ ನಾಣ್ಯವೂ ಬಂತು. ಹೋಗುವ ದಾರಿ ಪ್ರತಿ ಸಲವೂ ಅಗಲವಾಗುತ್ತಲೇ ಹೋಯಿತು.

ಇಲ್ಲಿ ಗಾಬ್ರೊವೊದವರ ಜೋಕುಗಳ ವಿಷಯ ಹೇಳಲೇಬೇಕು. ಜಿಪುಣತನಕ್ಕೆ ಇವರು ಜಗತ್ಪ್ರಸಿದ್ಧರು. ರಾತ್ರಿ ಗಡಿಯಾರದ ಚಕ್ರ ಸವೆಯಬಾರದೆಂದು ನಿಲ್ಲಿಸಿ ಮಲಗುತ್ತಾರಂತೆ. ಕತ್ತೆಗೆ ಹಸಿರು ಕನ್ನಡಕ ಹಾಕಿ ಮರದ ಹೊಟ್ಟನ್ನೇ ಹುಲ್ಲೆಂದು ತಿನ್ನಿಸುತ್ತಾರಂತೆ. ಎಲ್ಲಕ್ಕಿಂತ ಹೆಸರಾದದ್ದು ಬಾಲವಿಲ್ಲದ ಬೆಕ್ಕು. ಚಳಿಗಾಲದಲ್ಲಿ ಬೆಕ್ಕು ಒಳಗೆ ಬರುವಾಗ ಅದರ ಬಾಲ ಬಾಗಿಲು ದಾಟುವವರೆಗೆ ಕಾಯಬೇಕಲ್ಲ, ಅಷ್ಟರಲ್ಲಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ, ಸೌದೆ ದಂಡ; ಅದಕ್ಕೇ ಬಾಲ ಕತ್ತರಿಸುತ್ತಾರಂತೆ. ಈ ಜೋಕುಗಳನ್ನು ಹೇಳಿ ನಗುವವರಲ್ಲಿ ಗಾಬ್ರೊವೊದವರೇ ಮೊದಲಿಗರು. 1972ರ ಏಪ್ರಿಲ್ 1ರಂದು ತಮ್ಮೂರಲ್ಲಿ ಹಾಸ್ಯಕ್ಕೇ ಮೀಸಲಾದ ಒಂದು ಮ್ಯೂಸಿಯಂ ತೆರೆದರು. ಬಾಲವಿಲ್ಲದ ಬೆಕ್ಕೇ ಅವರ ಲಾಂಛನ.

ಆದರೆ ಹಳ್ಳಿಗಳ ವಿಷಯದಲ್ಲಿ ಈ ಜೋಕು ನಿಜವಾಗಿಬಿಟ್ಟಿತು, ಮತ್ತು ಕತ್ತರಿ ಹಿಡಿದವರು ಗಾಬ್ರೊವೊದವರಲ್ಲ. ಮಕ್ಕಳು ಕಡಿಮೆಯಾದರು ಎಂದು ಶಾಲೆ ಮುಚ್ಚುವುದು. 2008ರ ಆಸುಪಾಸಿನಲ್ಲಿ ಬಲ್ಗೇರಿಯಾದಲ್ಲಿ ‘ಹಣ ವಿದ್ಯಾರ್ಥಿಯ ಹಿಂದೆ ಹೋಗುತ್ತದೆ’ ಎಂಬ ಪದ್ಧತಿ ಬಂದ ಮೇಲೆ ಸಣ್ಣ ಹಳ್ಳಿಗಳ ನೂರಾರು ಶಾಲೆಗಳು ಬಾಗಿಲು ಹಾಕಿದವು. ಶಾಲೆ ಹೋದ ಮೇಲೆ ಚಿಕ್ಕ ಮಕ್ಕಳಿರುವ ಸಂಸಾರ ಹೋಯಿತು. ಸಂಸಾರ ಹೋದ ಮೇಲೆ ಅಂಗಡಿಗೆ ಗಿರಾಕಿಯಿಲ್ಲ, ಅಂಗಡಿ ಹೋಯಿತು. ಈಗ ವಾರದಲ್ಲಿ ಒಂದೆರಡು ಸಲ ವ್ಯಾನಿನಲ್ಲಿ ಬ್ರೆಡ್ಡು ಬರುತ್ತದೆ. ಪ್ರಯಾಣಿಕರಿಲ್ಲ ಎಂದು ಬಸ್ಸು ಹೋಯಿತು. ಪ್ರತಿಯೊಂದಕ್ಕೂ ಸಮರ್ಥನೆ ಒಂದೇ, ಉಳಿತಾಯ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಪ್ರತಿಯೊಂದು ಕತ್ತರಿಯೂ ಸರಿಯೇ. ಆದರೆ ಬೆಕ್ಕಿನ ಬಾಲ ಕತ್ತರಿಸಿದವನು ಬಾಲಕ್ಕೇ ನಿಲ್ಲಿಸುತ್ತಾನೆ, ಬೆಕ್ಕು ಬದುಕುತ್ತದೆ. ಇಲ್ಲಿ ಹಾಗೆ ನಿಲ್ಲಿಸುವವರು ಇರಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿಯಿದೆ. ಯಾರಾದರೂ ತೀರಿಕೊಂಡರೆ ಅವರ ಫೋಟೋ, ಹೆಸರು, ವಯಸ್ಸು ಇರುವ ಒಂದು ಹಾಳೆ ಅಚ್ಚು ಹಾಕಿಸಿ ಮನೆಯ ಬಾಗಿಲಿಗೆ, ಬೀದಿಯ ಕಂಬಕ್ಕೆ, ಮರಕ್ಕೆ ಅಂಟಿಸುತ್ತಾರೆ. ‘ನೆಕ್ರೊಲೊಗ್’ ಎನ್ನುತ್ತಾರೆ. ಸತ್ತಾಗ ಒಮ್ಮೆ, ನಲವತ್ತನೇ ದಿನಕ್ಕೆ ಒಮ್ಮೆ, ಆರು ತಿಂಗಳಿಗೆ, ವರ್ಷಕ್ಕೆ, ಹೀಗೆ. ನಮ್ಮ ತಿಥಿ, ವೈಕುಂಠ ಸಮಾರಾಧನೆಯ ಕಾರ್ಡನ್ನು ಬೀದಿಗೆ ಅಂಟಿಸಿದ ಹಾಗೆ. ಪಟ್ಟಣದಲ್ಲಿ ಇದು ಸುದ್ದಿ ತಿಳಿಸುವ ಕ್ರಮ. ಖಾಲಿಯಾಗುತ್ತಿರುವ ಹಳ್ಳಿಯಲ್ಲಿ ಯೋಚಿಸಿ ನೋಡಿ. ಬೀಗ ಹಾಕಿದ ಬಾಗಿಲ ಮೇಲೆ, ಬಿಸಿಲಿಗೆ ಬಣ್ಣ ಹೋದ ಹಾಳೆಯಲ್ಲಿ, ಆ ಮನೆಯ ಕೊನೆಯ ಅಜ್ಜಿಯ ಮುಖ. ಊರಿನಲ್ಲಿ ಬದುಕಿರುವವರ ಮುಖಕ್ಕಿಂತ ಬಾಗಿಲುಗಳ ಮೇಲಿನ ಮುಖಗಳೇ ಹೆಚ್ಚು. ಓದಿ ತಿಳಿಯಬೇಕಾದ ನೆರೆಯವರೇ ಇಲ್ಲದಿದ್ದಾಗಲೂ ಮಕ್ಕಳು ಬಂದು ಅಂಟಿಸಿ ಹೋಗುತ್ತಾರೆ. ಅಂಟಿಸಿ, ಬೀಗ ಸರಿಯಾಗಿದೆಯೇ ಎಂದು ಎಳೆದು ನೋಡಿ, ಕಾರು ಹತ್ತುತ್ತಾರೆ.

ಈ ಬೀಗದ ಬಗ್ಗೆಯೇ ನಾನು ಹೇಳಬೇಕೆಂದಿರುವುದು.

ಊರು ಬಿಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆ ಮಾತು ಹೇಳುವ ಹಕ್ಕು ಹೊರನಾಡ ಕನ್ನಡಿಗರಲ್ಲಿ ಯಾರಿಗಿದೆ? ಹಸಿವು, ಸಾಲ, ಓದು, ಒಂದು ನೌಕರಿ, ಇಷ್ಟು ಕಾರಣ ಸಾಕು. ಆದರೆ ಗಾಬ್ರೊವೊವನ್ನು ನೋಡಿದರೆ ನನಗೆ ಅನ್ನಿಸುವುದು ಇದು: ಜನ ಬಿಟ್ಟು ಹೋದ ದಿನ ಊರು ಸಾಯುವುದಿಲ್ಲ. ಬಿಟ್ಟು ಹೋದವರು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ತಾವೂ ಬಾರದೆ ಬೇರೆಯವರಿಗೂ ಕೊಡದೆ ಕುಳಿತರೆ ಊರು ಸಾಯುತ್ತದೆ.

ಬಲ್ಗೇರಿಯಾದಲ್ಲಿ ಇದು ಹೇಗಾಯಿತು ನೋಡಿ. 1991ರಲ್ಲಿ ಹೊಸ ಕಾನೂನು ಬಂದು, ಸಹಕಾರಿಗಳಿಗೆ ಸೇರಿದ್ದ ಹೊಲಗಳನ್ನು ಮೂಲ ಮಾಲೀಕರಿಗೆ ಇಲ್ಲವೇ ಅವರ ವಾರಸುದಾರರಿಗೆ ಹಿಂದಿರುಗಿಸುವುದು ಎಂದಾಯಿತು. ನ್ಯಾಯವಾದದ್ದೇ. ಆದರೆ ನಡುವೆ ನಾಲ್ಕು ದಶಕ ಕಳೆದಿತ್ತು. ಮಾಲೀಕ ಸತ್ತಿದ್ದ, ಮಕ್ಕಳು ಮೂವರು, ಮೊಮ್ಮಕ್ಕಳು ಎಂಟು ಮಂದಿ. ಒಬ್ಬ ಸೋಫಿಯಾದಲ್ಲಿ, ಒಬ್ಬಳು ಮ್ಯಾಡ್ರಿಡ್ಡಿನಲ್ಲಿ. ಬಯಲು ಸೀಮೆಯಲ್ಲಾದರೆ ದೊಡ್ಡ ಗೇಣಿದಾರರು ಬಂದು ತುಂಡುಗಳನ್ನೆಲ್ಲ ಸೇರಿಸಿ ಗೋಧಿ ಬೆಳೆಯುತ್ತಾರೆ. ಬೆಟ್ಟದ ತುಂಡು ಹೊಲ ಯಾರಿಗೂ ಬೇಡ, ಅಲ್ಲಿ ಕಾಡು ಬೆಳೆಯಿತು. ಮನೆಯ ಕಥೆಯೂ ಅದೇ. ಅಜ್ಜನ ಮನೆಗೆ ಎಂಟು ಜನ ಪಾಲುದಾರರು. ಇಡೀ ಮನೆ ಮಾರಬೇಕಾದರೆ ಎಂಟೂ ಮಂದಿ ಒಪ್ಪಬೇಕು. ಏಳು ಜನ ಒಪ್ಪುತ್ತಾರೆ, ಎಂಟನೆಯವನ ಪತ್ತೆಯೇ ಇಲ್ಲ, ಇಲ್ಲವೇ ‘ಅಜ್ಜನ ಮನೆ, ಮಾರುವುದು ಹೇಗೆ’ ಎನ್ನುತ್ತಾನೆ. ಆದರೆ ಸೋರುವ ಮಾಡಿಗೆ ಹಂಚು ಹೊದಿಸಲು ಅವನೂ ದುಡ್ಡು ಬಿಚ್ಚುವುದಿಲ್ಲ. ಮೊದಲು ಮಾಡು ಕುಸಿಯುತ್ತದೆ, ಆಮೇಲೆ ಗೋಡೆ. ಪ್ರೀತಿಯಿಂದ ಉಳಿಸಿಕೊಂಡ ಮನೆ ಆ ಪ್ರೀತಿಯ ಕಾರಣದಿಂದಲೇ ಬಿದ್ದುಹೋಗುತ್ತದೆ.

ಪಾಲುಪಟ್ಟಿಯಾಗದ ಮನೆ, ಜಂಟಿ ಹೆಸರಿನ ಪಹಣಿ, ಮೂರು ತಲೆಮಾರಿನಿಂದ ತೀರದ ದಾಯಾದಿ ತಕರಾರು... ಓದುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಬೇರೆ ದೇಶದ ಕಥೆ ಅನ್ನಿಸಿತು, ಹೇಳಿ?

ಹಾಗಾದರೆ ಅಲ್ಲಿ ಊರು ಉಳಿಸುವ ಪ್ರಯತ್ನವೇ ಆಗಲಿಲ್ಲವೇ? ಆಗಿದೆ. ಮೊದಲನೆಯದು ಮ್ಯೂಸಿಯಂ ದಾರಿ. ಗಾಬ್ರೊವೊ ಪಟ್ಟಣದ ಹತ್ತಿರ ಬೊಝೆಂತ್ಸಿ ಎಂಬ ಹಳ್ಳಿಯಿದೆ. 1393ರಲ್ಲಿ ಒಟ್ಟೋಮನ್ನರು ರಾಜಧಾನಿ ತರ್ನೊವೊವನ್ನು ಗೆದ್ದಾಗ ಬೊಝಾನಾ ಎಂಬ ಕುಲೀನ ಹೆಂಗಸು ಕಾಡಿಗೆ ಓಡಿಬಂದು ಕಟ್ಟಿದ ಊರು ಎಂದು ಐತಿಹ್ಯ. ಕಲ್ಲುಚಪ್ಪಡಿಯ ಮಾಡು, ಮರದ ಜಗಲಿ, ಬೆಳ್ಳಗಿನ ಗೋಡೆಗಳ ಮನೆಗಳು ಬಹಳ ಚೆಂದ. 1964ರಲ್ಲಿ ಇಡೀ ಊರನ್ನೇ ರಕ್ಷಿತ ಎಂದು ಘೋಷಿಸಿದರು. ಅದೇ ವರ್ಷ ಹತ್ತಿರದಲ್ಲೇ ‘ಎತರ್’ ಎಂಬ ಬಯಲು ಮ್ಯೂಸಿಯಂ ತೆರೆಯಿತು. ಹರಿಯುವ ನೀರಿನಿಂದ ತಿರುಗುವ ಹಳೆಯ ಯಂತ್ರಗಳು, ಕಮ್ಮಾರ, ಕುಂಬಾರ, ಗಂಟೆ ಎರಕ ಹೊಯ್ಯುವವ, ಎಲ್ಲರ ಅಂಗಡಿ ಸಾಲು. ಇವೆರಡೂ ಇಲ್ಲದಿದ್ದರೆ ಆ ಕುಶಲಕಲೆಗಳೂ ಮನೆ ಕಟ್ಟುವ ವಿದ್ಯೆಯೂ ಎಂದೋ ಮರೆತುಹೋಗುತ್ತಿದ್ದವು, ಅದಕ್ಕೆ ಕೈಮುಗಿಯೋಣ. ಆದರೆ ಮ್ಯೂಸಿಯಂ ಉಳಿಸಿದ್ದು ಮನೆಗಳನ್ನು, ಊರನ್ನಲ್ಲ. ಸಂಜೆ ಗೇಟು ಹಾಕಿದ ಮೇಲೆ ಕಮ್ಮಾರ ತನ್ನ ಫ್ಲ್ಯಾಟಿಗೆ ಹೋಗುತ್ತಾನೆ. ಅಲ್ಲದೆ ಮುನ್ನೂರು ಹಳ್ಳಿಗಳಲ್ಲಿ ಎಷ್ಟನ್ನು ಬೊಝೆಂತ್ಸಿ ಮಾಡಲಾಗುತ್ತದೆ? ಒಂದು, ಹೆಚ್ಚೆಂದರೆ ಎರಡು.

ಎರಡನೆಯದು ಹೊಸಬರ ದಾರಿ. 2000ದ ದಶಕದಲ್ಲಿ ಇಂಗ್ಲೆಂಡಿನವರು ಬಂದು ವೆಲಿಕೊ ತರ್ನೊವೊ, ದ್ರ್ಯಾನೊವೊ, ಸೆವ್ಲಿಯೆವೊ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಮನೆಗಳನ್ನು ಕೊಂಡರು. ಲಂಡನ್ನಿನಲ್ಲಿ ಒಂದು ಕಾರಿಗೆ ಕೊಡುವ ದುಡ್ಡಿಗೆ ಇಲ್ಲಿ ತೋಟದ ಸಮೇತ ಮನೆ! ಕೆಲವರು ರಜಕ್ಕೆ ಬಂದು ಹೋಗುವವರಾದರು, ಕೆಲವರು ನಿಜವಾಗಿಯೂ ನೆಲೆಸಿ ಟೊಮೇಟೊ ಬೆಳೆದು, ಬಲ್ಗೇರಿಯನ್ ಕಲಿತು, ನೆರೆಮನೆ ಅಜ್ಜಿಗೆ ಔಷಧಿ ತಂದುಕೊಡುವವರಾದರು. 2020ರ ಕೋವಿಡ್ ನಂತರ ಸೋಫಿಯಾದಂಥ ನಗರಗಳಿಂದ ಕೆಲವು ಎಳೆಯ ಸಂಸಾರಗಳೂ ಲ್ಯಾಪ್‌ಟಾಪ್ ಹಿಡಿದುಕೊಂಡು ಹಳ್ಳಿಗೆ ಬಂದವು. 2015ರಿಂದ ‘ಬಾಬಾ ರೆಸಿಡೆನ್ಸ್’ ಎಂಬ ಒಂದು ಕಾರ್ಯಕ್ರಮ ನಡೆದಿದೆ. ಬಾಬಾ ಎಂದರೆ ನಮ್ಮ ಮರಾಠಿ ನೆರೆಯವರ ಅಪ್ಪ ಅಲ್ಲ, ಸಾಧು ಬಾಬಾನೂ ಅಲ್ಲ. ಬಲ್ಗೇರಿಯನ್ನಿನಲ್ಲಿ ಬಾಬಾ ಎಂದರೆ ಅಜ್ಜಿ! ನಗರದ ಹುಡುಗ ಹುಡುಗಿಯರು ದೂರದ ಹಳ್ಳಿಗೆ ಹೋಗಿ ಕೆಲವು ವಾರ ಇಂಥ ಅಜ್ಜಿಯರ ಜೊತೆಗಿದ್ದು ನೇಯ್ಗೆ, ಅಡುಗೆ, ಹಾಡು ಕಲಿಯುವುದು. ಅಜ್ಜಿಗೂ ಮಾತಾಡಲು ಜನ ಸಿಕ್ಕ ಹಾಗಾಯಿತು. ಮ್ಯೂಸಿಯಂಗಿಂತ ನನಗೆ ಇದು ಹಿಡಿಸಿತು. ಇದರಲ್ಲಿ ಕಡೇಪಕ್ಷ ಬದುಕಿರುವವರ ಒಲೆ ಉರಿಯುತ್ತದೆ.

ಆದರೆ ಗಮನಿಸಿ, ಹೊಸಬರು ಬರಬೇಕಾದರೂ ಹಳಬರು ಕೀಲಿಕೈ ಕೊಡಬೇಕು. ಕೊಟ್ಟ ಕಡೆ ದೀಪ ಹತ್ತಿದೆ. ಕೊಡದ ಕಡೆ ಮುಳ್ಳುಕಂಟಿ ಬೆಳೆದಿದೆ.

ಮೂರನೆಯ ದಾರಿಯೊಂದಿದೆ. ಅದು ಎಲ್ಲಕ್ಕಿಂತ ಹಳೆಯದು, ಮತ್ತು ಹೊರನಾಡಿನವನೊಬ್ಬ ತೋರಿಸಿಕೊಟ್ಟದ್ದು. ವಾಸಿಲ್ ಅಪ್ರಿಲೊವ್ 1789ರಲ್ಲಿ ಗಾಬ್ರೊವೊದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗಲೇ ಊರು ಬಿಟ್ಟ. ಹಲವು ಕಡೆ ಓದಿ, ಕಡೆಗೆ ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ ನೆಲೆಸಿ ವ್ಯಾಪಾರದಲ್ಲಿ ಹಣ ಮಾಡಿದ. ತಿರುಗಿ ಊರಿಗೆ ಬಂದು ಸಂಸಾರ ಹೂಡಲಿಲ್ಲ. ನಮ್ಮ ಕಡೆಯ ಯಾವ ಹೋಟೆಲ್ ಮಾಲೀಕರ ಕಥೆಯೂ ಇದೇ ತಾನೆ! ಅವನು ಮಾಡಿದ್ದೇನೆಂದರೆ, ಒಡೆಸ್ಸಾದ ಇತರ ಬಲ್ಗೇರಿಯನ್ ವ್ಯಾಪಾರಿಗಳನ್ನು ಸೇರಿಸಿಕೊಂಡು ಹುಟ್ಟೂರಿಗೆ ಒಂದು ಶಾಲೆ ಕೊಟ್ಟ. 1835ರ ಜನವರಿಯಲ್ಲಿ ಗಾಬ್ರೊವೊದಲ್ಲಿ ತೆರೆದ ಆ ಶಾಲೆ ಬಲ್ಗೇರಿಯನ್ ಭಾಷೆಯಲ್ಲಿ ಲೌಕಿಕ ವಿದ್ಯೆ ಕಲಿಸಿದ ಮೊದಲ ಆಧುನಿಕ ಶಾಲೆ ಎಂದು ದೇಶವೇ ಗೌರವಿಸುತ್ತದೆ. 1847ರಲ್ಲಿ ಸಾಯುವಾಗ ತನ್ನ ಸೊತ್ತನ್ನೂ ಶಾಲೆಗೇ ಬರೆದಿಟ್ಟ. ಆ ಶಾಲೆ ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ.

ಇಲ್ಲೊಂದು ವಿಶೇಷವಿದೆ, ಚೆನ್ನೈ ಕನ್ನಡಿಗರು ಕಿವಿಗೊಡಬೇಕು. ಆ ಶಾಲೆಯಲ್ಲಿ ಪಾಠ ಶುರುವಾದದ್ದು ಬೆಲ್-ಲ್ಯಾಂಕಾಸ್ಟರ್ ಪದ್ಧತಿಯಲ್ಲಿ, ಅಂದರೆ ಕಲಿತ ಮಕ್ಕಳೇ ಕಿರಿಯರಿಗೆ ಕಲಿಸುವ ಕ್ರಮದಲ್ಲಿ. ಆ್ಯಂಡ್ರೂ ಬೆಲ್ ಎಂಬ ಪಾದ್ರಿ ಇದನ್ನು ರೂಪಿಸಿದ್ದು 1790ರ ದಶಕದಲ್ಲಿ, ಮದ್ರಾಸಿನ ಒಂದು ಅನಾಥಾಲಯದಲ್ಲಿ. ಅವನಿಗೆ ಪ್ರೇರಣೆಯಾದದ್ದು ನಮ್ಮ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಜಗಲಿ ಶಾಲೆ. ಇಂಗ್ಲೆಂಡಿನಲ್ಲಿ ಇದನ್ನು ಮದ್ರಾಸ್ ಪದ್ಧತಿ ಎಂದೇ ಕರೆಯುತ್ತಿದ್ದರು. ನಮ್ಮ ದಕ್ಷಿಣದ ಜಗಲಿಯ ಮರಳು ಬಾಲ್ಕನ್ ಬೆಟ್ಟದವರೆಗೂ ಹೋಗಿತ್ತು ಎಂದು ತಿಳಿದಾಗ ಖುಷಿಯಾಗುವುದಿಲ್ಲವೇ?

ಅಪ್ರಿಲೊವ್‌ನ ಶಾಲೆಯ ಬೆನ್ನಿಗೇ ಬಂದದ್ದು ‘ಚಿತಾಲಿಶ್ತೆ’. ಓದುವ ಜಾಗ ಎಂದು ಅರ್ಥ. 1856ರಲ್ಲಿ ಮೊದಲ ಕೆಲವು ಶುರುವಾದವು. ಆಮೇಲೆ ಹಳ್ಳಿಹಳ್ಳಿಗೂ ಹರಡಿದವು. ಒಂದು ಕಟ್ಟಡ, ಅದರಲ್ಲಿ ಪುಸ್ತಕಗಳು, ಒಂದು ಸಣ್ಣ ರಂಗಮಂಚ, ಹಾಡಿನ ತಂಡ, ನಾಟಕ, ಸಭೆ. ನಮ್ಮ ಕನ್ನಡ ಸಂಘದ ಹಾಗೆಯೇ, ಆದರೆ ಪರವೂರಿನಲ್ಲಲ್ಲ, ಸ್ವಂತ ಊರಿನಲ್ಲಿ. 2017ರಲ್ಲಿ ಯುನೆಸ್ಕೋ ಇದನ್ನು ಪರಂಪರೆ ಉಳಿಸುವ ಒಳ್ಳೆಯ ಕ್ರಮಗಳ ಪಟ್ಟಿಗೆ ಸೇರಿಸಿತು. ಜನ ಕಡಿಮೆಯಾದ ಹಳ್ಳಿಯಲ್ಲೂ ಚಿತಾಲಿಶ್ತೆಯ ಬಾಗಿಲು ತೆರೆದಿದ್ದರೆ ನಾಲ್ಕು ಜನ ಮುದುಕಿಯರು ಸೇರಿ ಹಾಡುತ್ತಾರೆ. ವರ್ಷಕ್ಕೊಮ್ಮೆ ‘ಸಬೊರ್’ ನಡೆಯುತ್ತದೆ, ಅದು ಅಲ್ಲಿನ ಊರ ಜಾತ್ರೆ. ಆ ಒಂದು ದಿನ ಬಿಟ್ಟುಹೋದವರೆಲ್ಲ ಕಾರು ತುಂಬಿಕೊಂಡು ಬರುತ್ತಾರೆ, ದೊಡ್ಡ ಹಂಡೆಯಲ್ಲಿ ಊರೂಟ ಬೇಯುತ್ತದೆ, ಮರುದಿನ ಊರು ಮತ್ತೆ ನಾಲ್ಕು ಅಜ್ಜಿಯರದು.

ನಮಗೂ ಇದಕ್ಕೂ ಇರುವ ಸಂಬಂಧ ಈಗ ಹೇಳಿಬಿಡುತ್ತೇನೆ. ಪರವೂರಿನಲ್ಲಿ ಸಂಘ ಕಟ್ಟುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಷನ್ 1926ರದ್ದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದದ್ದು ಈ ಊರಿನ ಹೆಮ್ಮೆ. ಊರಿಗೂ ನಾವು ಕೈಬಿಚ್ಚಿ ಕೊಡುತ್ತೇವೆ. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶ, ಭೂತಸ್ಥಾನಕ್ಕೆ ಹೊಸ ಮಾಡು, ಇಂಥ ಕೆಲಸಕ್ಕೆ ಮುಂಬಯಿ ಕಮಿಟಿ ಎಂದು ಒಂದು ಇದ್ದೇ ಇರುತ್ತದೆ. ತಪ್ಪೆನ್ನುವುದಿಲ್ಲ. ಆದರೆ ವರ್ಷದಲ್ಲಿ ಮೂರು ದಿನ ನಾವು ಹೋಗುವ ಜಾಗಕ್ಕೆ ಗ್ರಾನೈಟು ಬರುತ್ತದೆ. ವರ್ಷವಿಡೀ ಅಲ್ಲಿರುವವರು ಹೋಗುವ ಶಾಲೆಗೆ ಹಂಚು ಬರುವುದಿಲ್ಲ. ನಮ್ಮ ದಾನವೂ ನಮ್ಮ ಸಬೊರ್ ದಿನಕ್ಕೇ ಮೀಸಲಾಗಿಬಿಟ್ಟಿದೆ. ಅಪ್ರಿಲೊವ್ ಕೊಟ್ಟದ್ದು ತಾನು ಹೋಗುವ ದಿನಕ್ಕಲ್ಲ, ತಾನಿಲ್ಲದ ದಿನಗಳಿಗೆ.

‘ಶಾಲೆ ಕೊಟ್ಟರೆ ಓದಿದ ಮಕ್ಕಳು ಇನ್ನೂ ಬೇಗ ಊರು ಬಿಡುತ್ತಾರಲ್ಲ’ ಎಂದು ಯಾರಾದರೂ ಕೇಳಬಹುದು. ನಿಜ, ಬಿಡುತ್ತಾರೆ. ಅಪ್ರಿಲೊವ್‌ನ ಶಾಲೆಯಲ್ಲಿ ಓದಿದವರೂ ಬಿಟ್ಟರು. ಆದರೆ ಶಾಲೆಯಿದ್ದ ಊರಿಗೆ ಹೊಸ ಸಂಸಾರ ಬರಬಹುದು. ಶಾಲೆಯಿಲ್ಲದ ಊರಿಗೆ ಯಾರೂ ಬರುವುದಿಲ್ಲ. ಎರಡಕ್ಕೂ ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡ ವ್ಯತ್ಯಾಸ.

ಇನ್ನೊಂದು ಮಾತು ಕೇಳಿಬರುತ್ತದೆ: ‘ಹೊರಗಿನವನಿಗೆ ಇರಲು ಕೊಟ್ಟರೆ ಮನೆಯೇ ಕೈತಪ್ಪುತ್ತದೆ.’ 1974ರ ಭೂಸುಧಾರಣೆಯ ನಂತರ ಗೇಣಿಗೆ ಕೊಟ್ಟ ಗದ್ದೆ ಉಳುವವನ ಪಾಲಾದದ್ದನ್ನು ಕಂಡ ಮನೆಗಳಿಗೆ ಈ ಭಯ ಇನ್ನೂ ಹೋಗಿಲ್ಲ. ಉಳುವವನಿಗೆ ಹೊಲ ಸಿಕ್ಕಿದ್ದು ನ್ಯಾಯವೇ ಎಂದು ನಾನು ನಂಬಿದವನು. ಆದರೂ ಭಯ ಅರ್ಥವಾಗುತ್ತದೆ. ಗದ್ದೆಯ ಮಾತು ಬೇರೆ, ವಾಸದ ಮನೆಯ ಮಾತು ಬೇರೆ. ಕರಾರು ಪತ್ರ ಮಾಡಿ ಬಾಡಿಗೆಗೆ ಕೊಡಲು ಮುಂಬಯಿಯಲ್ಲಿ ಹೆದರದ ನಾವು ಊರಿನಲ್ಲಿ ಮಾತ್ರ ಯಾಕೆ ಹೆದರುತ್ತೇವೆ? ಮತ್ತೆ, ಮಾಡು ಬಿದ್ದ ಮನೆ ಯಾರ ಕೈಯಲ್ಲಿದ್ದರೇನು?

ಎಲ್ಲ ಊರುಗಳನ್ನೂ ಉಳಿಸಬೇಕು ಎಂಬ ಹಟವೂ ನನಗಿಲ್ಲ. ಯಾವುದೋ ಕಾಲದ ಭಯಕ್ಕೆ, ಯಾವುದೋ ಕಾಲದ ಹಸಿವಿಗೆ ಬೆಟ್ಟದ ತುದಿಯಲ್ಲಿ ಹುಟ್ಟಿದ ನಾಲ್ಕು ಮನೆಯ ಕೊಲಿಬಿ ಆ ಕಾರಣ ತೀರಿದ ಮೇಲೆ ಕಾ���ಿಗೆ ಹಿಂದಿರುಗಿದರೆ ಅದರಲ್ಲಿ ಅನ್ಯಾಯವಿಲ್ಲ. ಆದರೆ ಅದಕ್ಕೂ ಒಂದು ಮರ್ಯಾದೆಯಿದೆ. ಕೊನೆಯ ಅಜ್ಜಿ ಇರುವವರೆಗೆ ಬಸ್ಸು, ವೈದ್ಯ, ನೀರು ಇರಬೇಕು. ಊರಿನ ಹೆಸರು, ಮನೆತನಗಳ ಹೆಸರು, ತೊರೆ ಗುಡ್ಡಗಳ ಹೆಸರು ಬರೆದಿಟ್ಟುಕೊಳ್ಳಬೇಕು. ಆಮೇಲೆ ಕಣ್ಣೀರಿಟ್ಟು ಬಿಟ್ಟುಕೊಡಬೇಕು. ಉಳಿಸುವುದೂ ಇಲ್ಲ, ಬಿಡುವುದೂ ಇಲ್ಲ ಎಂಬ ನಡುವಿನ ಸ್ಥಿತಿಯೇ ಗಾಬ್ರೊವೊದ ಹಳ್ಳಿಗಳನ್ನು ಹಾಳುಮಾಡಿದ್ದು.

ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಇಷ್ಟು ಮಾಡೋಣ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದು ದಿನ ಕುಳಿತು ಪಾಲುಪಟ್ಟಿ ಮುಗಿಸೋಣ. ಹೆಣ್ಣುಮಕ್ಕಳ ಪಾಲನ್ನು ಮರೆಯದೆ. ಯಾರಿಗೆ ಮನೆ ಬೇಕೋ ಅವರು ಮಾಡು ರಿಪೇರಿ ಮಾಡಿಸಲಿ. ಯಾರಿಗೂ ಬೇಡವಾದರೆ ಊರಲ್ಲೇ ಇರಬೇಕೆಂದಿರುವ ಒಬ್ಬ ಮೇಷ್ಟರಿಗೋ, ನರ್ಸಿಗೋ, ಹೊಸದಾಗಿ ಮದುವೆಯಾದ ಕೂಲಿಯವರಿಗೋ ಕೊಡೋಣ, ಬಾಡಿಗೆಗಾದರೂ ಸರಿ, ಕ್ರಯಕ್ಕಾದರೂ ಸರಿ. ಬ್ರಹ್ಮಕಲಶಕ್ಕೆ ಬರೆಯುವ ಚೆಕ್ಕಿನ ಜೊತೆಗೆ ಶಾಲೆಗೂ ಒಂದು ಚೆಕ್ಕು ಬರೆಯೋಣ. ಆಗ ಅರ್ಜಿಯ ಆ ಕಾಲಂನಲ್ಲಿ ಊರಿನ ಹೆಸರು ಬರೆಯುವ ಹಕ್ಕು ನಮಗಿರುತ್ತದೆ, ಮನೆ ನಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಸಹ.